ಹಾರುಮೀನು ಡಬ್ಬಿಯಲ್ಲಿ ಎರಡು ಕಂದು

ನಮ್ಮ ಮಾಮನಷ್ಟು ದೊಡ್ಡ ಸುಳ್ಳುಗಾರ ಇಡೀ ಕಾರ್ಕಳ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಪುರಾವೆ ಕೈಯಲ್ಲಿಟ್ಟುಕೊಂಡೇ ಹೇಳುತ್ತಿದ್ದೇನೆ. ಆದರೆ ಊರಿನಲ್ಲಿ ಕೇಳಿ ನೋಡಿ, ಒಬ್ಬರೂ ಒಪ್ಪುವುದಿಲ್ಲ. "ಅವರಾ? ಪೆನ್ಸಿಲಿನಷ್ಟು ನೇರ ಮನುಷ್ಯ" ಎನ್ನುತ್ತಾರೆ. ಪೆನ್ಸಿಲ್! ತಕರಾರು ಇರುವುದೇ ಅಲ್ಲಿ.

ಉಡುಪಿ, ಕಾಪು, ಕಾರ್ಕಳದ ಕಡೆ ನಲವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ 'ಹಾರುಮೀನು' ಎಂದು ಹೇಳಿ. ಹೊರಟ ಬಸ್ಸನ್ನೂ ಬಿಟ್ಟು ನಿಂತುಬಿಡುತ್ತಾರೆ. ಅದು ಒಂದು ಕಾಲದ ಬಣ್ಣದ ಪೆನ್ಸಿಲಿನ ಹೆಸರು. ನೀಲಿ ರಟ್ಟಿನ ಡಬ್ಬಿ, ಮುಚ್ಚಳದ ಮೇಲೆ ಅಲೆ, ಅಲೆಯಿಂದ ಚಂಗನೆ ನೆಗೆದ ರೆಕ್ಕೆಯ ಮೀನು, ಒಳಗೆ ಹನ್ನೆರಡು ಪೆನ್ಸಿಲ್. ನೀವು ಕೇಳದಿದ್ದರೂ ಅವರೇ ಮುಂದುವರಿಸುತ್ತಾರೆ: "ನಮ್ಮ ಹಾರುಮೀನು ಡಬ್ಬಿಯಲ್ಲಿ ಕಂದು ಎರಡು ಇರ್ತಿತ್ತು, ಗೊತ್ತುಂಟಾ? ನಮ್ಮದು ಕೆಂಪುಕಲ್ಲಿನ ಊರಲ್ವಾ! ಮಣ್ಣು ಕಂದು, ದೋಣಿ ಕಂದು, ಹೆಂಚು ಕಂದು, ತೆಂಗಿನ ಕಾಂಡ ಕಂದು. ಕಂಪನಿಯವರೇ ನಮ್ಮ ಮಕ್ಕಳಿಗಾಗಿ ಒಂದು ಹೆಚ್ಚು ಹಾಕಿ ಕಳಿಸ್ತಿದ್ರು!"

ಎಷ್ಟು ಚಂದದ ಕತೆ! ಎಲ್ಲರೂ ಒಟ್ಟಿಗೆ ತಲೆಯಾಡಿಸುವ ಕತೆ. ನಾನು ಎಂಟನೇ ಕ್ಲಾಸಿನಿಂದ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು, ಈಗ ಉಡುಪಿಯ ಕೋರ್ಟಿನಲ್ಲಿ ಹಿರಿಯರೊಬ್ಬರ ಕೈಕೆಳಗೆ ಕರಿಕೋಟು ಹಾಕಿ ಫೈಲು ಹೊರುವವಳು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ತಲೆಯಾಡಿಸಿದರೆ ನನಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ನನ್ನ ಪ್ರಶ್ನೆಗಳು ಸರಳ. ಮಣ್ಣು ನೋಡಿ ಪೆನ್ಸಿಲ್ ಹಾಕುವ ಕಂಪನಿಯಾದರೆ ದಾವಣಗೆರೆಯ ಡಬ್ಬಿಯಲ್ಲಿ ಎರಡು ಕಪ್ಪು ಇತ್ತೇ? ಮಲ್ಪೆಯ ಮಕ್ಕಳು ಎರಡು ನೀಲಿ ಯಾಕೆ ಕೇಳಲಿಲ್ಲ? ಅದೂ ಹೋಗಲಿ. ಒಂದು ಹೆಚ್ಚು ಹಾಕಿದ್ದಾದರೆ ಡಬ್ಬಿಯಲ್ಲಿ ಹದಿಮೂರು ಇರಬೇಕಲ್ಲ ಸ್ವಾಮಿ? ಇದ್ದದ್ದು ಹನ್ನೆರಡೇ. ಒಂದು ಒಳಗೆ ಬಂದಿದೆ ಎಂದರೆ ಒಂದು ಹೊರಗೆ ಹೋಗಿರಬೇಕು. ಹೋದದ್ದು ಯಾವುದು?

ಪ್ರತಿ ಪೆನ್ಸಿಲಿನ ತುದಿಯಲ್ಲಿ ನಂಬರು ಒತ್ತಿರುತ್ತಿತ್ತು. ಹಳದಿ ಒಂದು, ಕೆಂಪು ಮೂರು, ಕಂದು ಏಳು, ಕಪ್ಪು ಹನ್ನೆರಡು. ನಮ್ಮ ಊರಿನ ಡಬ್ಬಿಯಲ್ಲಿ ಏಳು ಎರಡು ಸಲ, ಹನ್ನೊಂದು ಇಲ್ಲವೇ ಇಲ್ಲ! ಇದಕ್ಕೂ ಆಗಿನ ಮಕ್ಕಳ ಬಳಿ ಶಾಸ್ತ್ರವಿತ್ತಂತೆ: ಹನ್ನೊಂದು ಹಿಡಿದವರಿಗೆ ಪರೀಕ್ಷೆಯಲ್ಲಿ ಹನ್ನೊಂದೇ ಅಂಕ ಬರುತ್ತದೆ, ಅದಕ್ಕೇ ಕಂಪನಿ ಅದನ್ನು ಮಾಡುವುದಿಲ್ಲ.

ಈಗ ಮಾಮನ ವಿಷಯ. ಮಾಮ ಎಂದರೆ ನನ್ನ ಅಮ್ಮನ ಅಣ್ಣ. ಅಮ್ಮನಿಗಿಂತ ಹದಿಮೂರು ವರ್ಷ ದೊಡ್ಡವರು. ಹುಟ್ಟೂರು ಕಾಪು, ಸಂಸಾರ ಕಾರ್ಕಳದಲ್ಲಿ. ಇಪ್ಪತ್ತನೆಯ ವಯಸ್ಸಿನಿಂದ ಕಂಪನಿಗೆ ಬೀಗ ಬೀಳುವವರೆಗೆ ಅವರು ನಮ್ಮ ಭಾಗಕ್ಕೆಲ್ಲ ಹಾರುಮೀನಿನ ಏಜೆಂಟರು. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದ ಪೆಟ್ಟಿಗೆಗಳನ್ನು ಕಾರ್ಕಳದ ಬಾಡಿಗೆ ಕೋಣೆಯಲ್ಲಿ ಇಳಿಸಿ, ಬಸ್ಸಿನಲ್ಲಿ ಅಂಗಡಿ ಅಂಗಡಿಗೆ ಮುಟ್ಟಿಸುವುದು ಕೆಲಸ. ಪ್ರತಿ ಡಬ್ಬಿಯ ಬೆನ್ನಿಗೆ ಏಜೆಂಟರ ಚೀಟಿ ಅಂಟಿಸುವುದೂ ಅವರೇ. ಆ ಚೀಟಿ ಯಾವಾಗಲೂ ವಾರೆ! ಇಡೀ ಜಿಲ್ಲೆ ಅದನ್ನು ನೋಡಿ ನಕ್ಕಿದೆ. ಪೆನ್ಸಿಲಿನಷ್ಟು ನೇರ ಮನುಷ್ಯನಿಗೆ ಒಂದು ಚೀಟಿ ನೇರವಾಗಿ ಅಂಟಿಸಲು ಬರುತ್ತಿರಲಿಲ್ಲವೇ? ಈ ಚೀಟಿಯನ್ನು ನೆನಪಿನಲ್ಲಿಡಿ.

ಕಂಪನಿ ಮುಚ್ಚಿತು, ಮಾಮ ಮುಚ್ಚಲಿಲ್ಲ. ಬಣ್ಣಗಳಿಗೆ ಹೆಸರಿದೆ ಎಂಬುದನ್ನೇ ಅವರು ಮರೆತುಬಿಟ್ಟಿದ್ದಾರೆ. ಎಲ್ಲವೂ ನಂಬರು. ಮೀನಿನವಳು ಬುಟ್ಟಿ ಇಳಿಸಿದರೆ ಬಂಗುಡೆಯ ಕಿವಿರು ಎತ್ತಿ ನೋಡಿ, "ಇದು ಮೂರಲ್ಲ ಮಾರಾಯ್ತಿ, ಏಳಕ್ಕೆ ಬಂದಿದೆ" ಎನ್ನುತ್ತಾರೆ. ಅವಳೂ ಪಳಗಿದವಳು. "ಮೂರು ಬೇಕಾದ್ರೆ ಮಲ್ಪೆಗೆ ಹೋಗಿ ಬೆಳಿಗ್ಗೆ ಐದಕ್ಕೆ ನಿಲ್ಲಿ ಧಣಿ. ನನ್ನ ಹತ್ರ ಎರಡೂವರೆ, ಮೂರು ಎಲ್ಲ ಇಲ್ಲ, ಮೀನು ಉಂಟು" ಎಂದು ಬುಟ್ಟಿ ಹೊತ್ತು ನಡೆಯುತ್ತಾಳೆ.

ಕಳೆದ ವರ್ಷ ಮಾಮನಿಗೆ ಉರಿಮೂತ್ರವಾಗಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದೆವು. ಎಳೆಯ ಡಾಕ್ಟರು ಬಹಳ ಗೌರವದಿಂದ, "ಮೂತ್ರದ ಬಣ್ಣ ಹೇಗಿದೆ?" ಎಂದು ಕೇಳಿದರು.

"ಒಂದು" ಎಂದರು ಮಾಮ.

"ಒಂದು ಸಲವಾ? ದಿನಕ್ಕೆ ಒಂದೇ ಸಲವಾ?" ಡಾಕ್ಟರು ಗಾಬರಿಯಾದರು.

"ಅಲ್ಲಲ್ಲ. ಮೊನ್ನೆವರೆಗೆ ಒಂದು. ನಿನ್ನೆಯಿಂದ ಎರಡರ ಕಡೆಗೆ ತಿರುಗಿದೆ. ಮೂರಕ್ಕೆ ಬರಲಿಲ್ಲ, ದೇವರ ದಯೆ."

ಡಾಕ್ಟರು ನಿಧಾನವಾಗಿ ಪೆನ್ನು ಕೆಳಗಿಟ್ಟು ಮಾಮಿಯ ಕಡೆ ನೋಡಿದರು. ಮಾಮಿ ಸೆರಗು ಸರಿಮಾಡಿಕೊಂಡು, "ಹಳದಿ ಇದ್ದದ್ದು ಕಿತ್ತಳೆ ಆಗಿದೆ ಡಾಕ್ಟ್ರೇ, ರಕ್ತ ಹೋಗ್ಲಿಲ್ಲ. ತಲೆಗೆ ಎಂತ ಆಗ್ಲಿಲ್ಲ ಇವರಿಗೆ, ತಲೆ ಮೊದಲಿಂದಲೂ ಹೀಗೇ" ಎಂದರು.

ನನಗೊಂದು ಸಂಬಂಧ ಬಂದಾಗಿನ ಕತೆಯನ್ನೂ ಹೇಳಿಬಿಡುತ್ತೇನೆ. ದಲ್ಲಾಳಿ ಹೆಂಗಸು ಚಹಾ ಕುಡಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಹುಡುಗಿ ಚುರುಕು. ಬಣ್ಣ ಮಾತ್ರ ಸ್ವಲ್ಪ ಕಮ್ಮಿ" ಎಂದಳು. ನನ್ನ ಬಣ್ಣ ಅಮ್ಮನದೇ, ಅಂದರೆ ಸಾಕ್ಷಾತ್ ಏಳು. ನಾನು ಬಾಯಿ ತೆರೆಯುವ ಮೊದಲೇ ಮಾಮ ಎದ್ದು ನಿಂತರು.

"ಕಮ್ಮಿಯಾ? ಡಬ್ಬಿಯಲ್ಲಿ ಎರಡೆರಡು ಹಾಕಿ ಕೊಡ್ತಿದ್ದ ಬಣ್ಣ ಅದು! ಡಿಮಾಂಡ್ ಹೆಚ್ಚಿದ್ದದ್ದನ್ನೇ ಎರಡು ಹಾಕುವುದು. ನಿಮ್ಮ ಹುಡುಗ ಎಷ್ಟನೇ ನಂಬರು?"

ಸಂಬಂಧ ಅಲ್ಲಿಗೇ ಮುರಿಯಿತು. ನಾನು ಇವತ್ತಿಗೂ ಮಾಮನಿಗೆ ಋಣಿ.

ಇಷ್ಟೆಲ್ಲ ನಂಬರು ಉರುಳಿಸುವ ಮನುಷ್ಯನ ಬಾಯಲ್ಲಿ ನಾನು ಒಂದು ನಂಬರನ್ನು ಮಾತ್ರ ಕೇಳಿರಲಿಲ್ಲ. ಕಾರ್ಕಳದ ಮನೆಯ ಗೋಡೆಯಲ್ಲಿ ಕಂಪನಿ ಕೊಟ್ಟ ಗಡಿಯಾರವಿದೆ. 'ಅತಿ ಹೆಚ್ಚು ಕಂದು ಮಾರಿದ ಏಜೆಂಟರಿಗೆ' ಬಂದ ಬಹುಮಾನ. ಅದು ಹನ್ನೊಂದು ಬಡಿದಾಗ "ಗಂಟೆ ಎಷ್ಟು ಮಾಮ?" ಎಂದು ಕೇಳಿ. "ಹನ್ನೆರಡಕ್ಕೆ ಒಂದು ಕಮ್ಮಿ" ಎನ್ನುತ್ತಾರೆ! ಚಿಕ್ಕಂದಿನಲ್ಲಿ ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ವಕಾಲತ್ತು ಕಲಿತ ಮೇಲೆ ಗೊತ್ತಾಯಿತು, ಯಾರಾದರೂ ಒಂದು ಮಾತನ್ನು ತಪ್ಪಿಸಿ ಸುತ್ತಿ ಹೋಗುತ್ತಿದ್ದಾರೆ ಎಂದರೆ ಆ ಮಾತಿನ ಕೆಳಗೆ ಏನೋ ಹೂತಿದೆ.

ಮೊನ್ನೆ ಮಳೆಗಾಲ ಮುಗಿದ ಮೇಲೆ ಮಣಿಪಾಲದಲ್ಲಿ ವಿನ್ಯಾಸ ಕಲಿಯುತ್ತಿರುವ ನನ್ನ ಗೆಳತಿ ಹಳೆಯ ಶಾಲಾ ವಸ್ತುಗಳ ಒಂದು ಪ್ರದರ್ಶನ ಇಡುವ ಏರ್ಪಾಡು ಮಾಡಿದಳು. ಸ್ಲೇಟು, ಕಡ್ಡಿ, ತಗಡಿನ ಪೆಟ್ಟಿಗೆ, ನಡುವೆ ರಾಜನ ಹಾಗೆ ಹಾರುಮೀನು. ಮಾಮನೇ ಉದ್ಘಾಟಕರು. ಹಾರುಮೀನಿನ ಚರಿತ್ರೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಾದವಳು ನಾನು. 'ಎರಡು ಕಂದಿನ ಗುಟ್ಟು' ಎಂದು ಆಮಂತ್ರಣದಲ್ಲಿ ಅಚ್ಚೂ ಆಯಿತು. ಬಿಡುತ್ತೇನೆಯೇ?

ಕೋರ್ಟಿನ ಸಹೋದ್ಯೋಗಿಯೊಬ್ಬಳ ಊರು ದಾವಣಗೆರೆ. ಅವಳ ತಾಯಿ ಜೋಪಾನ ಮಾಡಿದ್ದ ಹಾರುಮೀನು ಡಬ್ಬಿಯನ್ನು ತರಿಸಿಕೊಂಡೆ. ಮುಚ್ಚಳ ತೆರೆದರೆ ಕಂದು ಒಂದೇ! ಹತ್ತಕ್ಕೂ ಹನ್ನೆರಡಕ್ಕೂ ನಡುವೆ, ಸಿಪ್ಪೆ ಸುಲಿದ ಸಿಗಡಿಯ ಹಾಗೆ ತಿಳಿಗೆಂಪಾಗಿ, ಹನ್ನೊಂದು ಮಲಗಿತ್ತು. ಡಬ್ಬಿಯ ಬೆನ್ನಿನಲ್ಲಿ ಬಣ್ಣಗಳ ಪಟ್ಟಿ. ಹನ್ನೊಂದರ ಎದುರು ಅಚ್ಚಾಗಿದ್ದದ್ದು 'ಮೈಬಣ್ಣ'.

ತಕ್ಷಣ ಅಮ್ಮನ ಕಪಾಟಿನಲ್ಲಿದ್ದ ನಮ್ಮ ಊರಿನ ಡಬ್ಬಿಯನ್ನು ತಂದು, ಚಹಾ ಕುದಿಯುವ ಪಾತ್ರೆಯ ಹಬೆಗೆ ಹಿಡಿದೆ. ವಾರೆ ಚೀಟಿ ಮೆಲ್ಲಗೆ ಸುರುಳಿಯಾಗಿ ಎದ್ದು ಬಂತು. ಅಡಿಯಲ್ಲಿ ಸರಿಯಾಗಿ ಹನ್ನೊಂದನೆಯ ಸಾಲು! ಪಟ್ಟಿಯನ್ನು ಅಚ್ಚು ಹಾಕಿದ್ದೇ ಸ್ವಲ್ಪ ಓರೆಯಾಗಿ. ಅದೊಂದೇ ಸಾಲು ಮುಚ್ಚಬೇಕಾದರೆ ಚೀಟಿಯನ್ನೂ ಓರೆಯಾಗಿಯೇ ಅಂಟಿಸಬೇಕು. ಅಬ್ಬ ಮಾಮ! ಜಿಲ್ಲೆಯೆಲ್ಲ ನಕ್ಕ ಚೀಟಿಗಿಂತ ನೇರವಾದ ಕೆಲಸ ಇನ್ನೊಂದಿಲ್ಲ.

ಭಾನುವಾರ ಬೆಳಿಗ್ಗೆ ಕಾರ್ಕಳಕ್ಕೆ ಹೋಗಿ ಪಾಟೀಸವಾಲು ಶುರು ಮಾಡಿದೆ. (ನಾವು ಮಾತಾಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಮಾಮಿಯ ಮಾತಿನ ಖಾರ ಅರ್ಧ ಇಳಿದಿದೆ, ಕ್ಷಮಿಸಿ.)

"ಮಾಮ, ಹನ್ನೊಂದು ಎಲ್ಲಿ?"

"ಯಾವ ಹನ್..." ಎಂದವರು ನಾಲಗೆ ಕಚ್ಚಿಕೊಂಡು, "ಬೆಕ್ಕಿಗೆ ಹಾಲು ಹಾಕಿ ಬರ್ತೇನೆ" ಎಂದು ಹಿತ್ತಲಿಗೆ ಹೋದರು.

ಮನೆಯಲ್ಲಿ ಬೆಕ್ಕೇ ಇಲ್ಲ.

ಮಾಮಿ ಹಲಸಿನ ಹಪ್ಪಳ ಸುಡುತ್ತ ತಾವಾಗಿಯೇ ಸಾಕ್ಷಿಕಟ್ಟೆ ಹತ್ತಿದರು. "ನನ್ನನ್ನು ಕೇಳು. ಮದುವೆಯಾಗಿ ಬಂದ ಮೂರನೇ ದಿನ ಇವರು ನನ್ನನ್ನು ಕೋಣೆಗೆ ಕರೆದ್ರು. ನಾನು ನಾಚಿಕೊಂಡು ಹೋದ್ರೆ ಎದುರು ಪೆನ್ಸಿಲಿನ ರಾಶಿ! 'ಡಬ್ಬಿ ತೆಗಿ, ಇದನ್ನು ಹೊರಗೆ ಹಾಕು, ಏಳನ್ನು ಒಳಗಿಡು, ಮುಚ್ಚು' ಅಂತ. ಯಾಕೆ ಕೇಳಿದ್ರೆ, ಇದಕ್ಕೆ ಹುಳ ಹಿಡಿದಿದೆ ಅಂದ್ರು. ನಾನು ಪೆನ್ಸಿಲ್ ಮಾಡುವ ಕ್ರಮವೇ ಹೀಗೆ ಅಂದುಕೊಂಡೆ ಮಾರಾಯ್ತಿ! ಎಷ್ಟು ವರ್ಷ ಹುಳ ಹಿಡೀತದೆ ಒಂದು ಪೆನ್ಸಿಲಿಗೆ?"

"ತೆಗೆದ ಪೆನ್ಸಿಲುಗಳೆಲ್ಲ ಎಲ್ಲಿ ಮಾಮಿ?"

"ಬಚ್ಚಲ ಒಲೆಗೆ. ಒಳ್ಳೇ ಉರೀತಿತ್ತು. ಎಷ್ಟೋ ವರ್ಷ ನಾವು ಮಿಂದದ್ದು ಅದೇ ನೀರಲ್ಲಿ. ನೋಡು, ಎಂತಾದ್ರೂ ಬಣ್ಣ ಬಂತಾ ನನಗೆ?" ಎಂದು ಮಾಮಿ ಮೊಣಕೈ ತೋರಿಸಿ ನಕ್ಕರು.

ಗಡಿಯಾರದ ಹಿಂದೆ ಸಿಕ್ಕಿಸಿದ್ದ ಕಾಗದಗಳ ಕಟ್ಟಿನಲ್ಲಿ ಕೊನೆಯ ಪುರಾವೆ ಸಿಕ್ಕಿತು. ಮಾಮ ಕಂಪನಿಗೆ ಬರೆದ ಪತ್ರದ ಕಾರ್ಬನ್ ಪ್ರತಿ. 'ಮಾನ್ಯರೇ, ನಮ್ಮ ಭಾಗದ ಮಕ್ಕಳಿಗೆ ಒಂದು ಕಂದು ಸಾಲುತ್ತಿಲ್ಲ. ಇಲ್ಲಿ ಮಣ್ಣು ಕಂದು, ದೋಣಿ ಕಂದು, ಹೆಂಚು ಕಂದು, ತೆಂಗಿನ ಕಾಂಡ ಕಂದು. ಆದಕಾರಣ ಏಳನೆಯ ನಂಬರಿನ ಪೆನ್ಸಿಲನ್ನು ಬಿಡಿಯಾಗಿ ಕಳುಹಿಸಬೇಕಾಗಿ ವಿನಂತಿ.' ಊರಿನವರು ಇವತ್ತಿಗೂ ಹೇಳುವ ಅದೇ ಸಾಲು, ಅದೇ ಕ್ರಮದಲ್ಲಿ! ಕಂಪನಿ ಪಾಪ ನಂಬಿತು. ಏಳನ್ನು ಕಳಿಸಿತು. ಸಾಲದ್ದಕ್ಕೆ ಆ ಮಾತನ್ನೇ ತನ್ನ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿ ಅಂಗಡಿ ಅಂಗಡಿಗೆ ಹಂಚಿತು, ಮೇಲಿಂದ ಗಡಿಯಾರವನ್ನೂ ಕೊಟ್ಟಿತು. ಒಬ್ಬ ಏಜೆಂಟನ ಸುಳ್ಳು ಊರಿನ ಹೆಮ್ಮೆಯಾದದ್ದು ಹೀಗೆ. ನಾನು ಪತ್ರ ಹಿಡಿದುಕೊಂಡು ಗೆದ್ದವಳ ಹಾಗೆ ಹಿತ್ತಲಿಗೆ ಹೋದೆ.

ಮಾಮ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು.

"ಸಿಕ್ಕಿಬಿದ್ರಿ ಮಾಮ. ಶನಿವಾರ ಮಣಿಪಾಲದಲ್ಲಿ ಎಲ್ಲ ಹೇಳ್ತೇನೆ."

"ಹೇಳು ಲಾಯರಮ್ಮ. ಮೋಸ ಮಾಡಿದೆ ಅಂತ ಹೇಳು. ನಿನ್ನ ಅಮ್ಮ ಬರ್ತಾಳಾ?"

"ಬರದೆ? ಮುಂದಿನ ಸಾಲಲ್ಲೇ ಕೂರ್ತಾಳೆ."

"ಹಾಗಾದ್ರೆ ಬೇಡ."

ಮಾಮ ನಂಬರಿಲ್ಲದೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು. "ಏಜೆನ್ಸಿ ಸಿಕ್ಕಿ ಮೊದಲ ಪೆಟ್ಟಿಗೆ ಬಂದಾಗ ಮೊದಲ ಡಬ್ಬಿ ಕಾಪುವಿಗೆ ತಗೊಂಡು ಹೋಗಿ ಅವಳಿಗೆ ಕೊಟ್ಟೆ. ಎರಡನೇ ಕ್ಲಾಸು ಅವಳು. ಎಂಥ ಕುಣಿತ! ಸಂಜೆ ನೋಡಿದ್ರೆ ಮನೆಯಲ್ಲಿ ಸದ್ದೇ ಇಲ್ಲ. ಬಾವಿಕಟ್ಟೆಯ ಹಿಂದೆ ಕೂತಿದ್ದಾಳೆ. ಆ ಪೆನ್ಸಿಲನ್ನು ನೀರಲ್ಲಿ ಅದ್ದಿ ಅದ್ದಿ ಕೈಗೆ ಉಜ್ಜಿಕೊಳ್ತಾ ಇದ್ದಾಳೆ. ಡಬ್ಬಿಯಲ್ಲಿ ಬರೆದದ್ದು ಮೈಬಣ್ಣ ಅಂತ ಅಲ್ವಾ? ಹೊಸದಾಗಿ ಓದ್ಲಿಕ್ಕೆ ಕಲಿತವಳು. 'ಅಣ್ಣ, ನನಗೆ ಇದು ಹತ್ತುವುದಿಲ್ಲ' ಅಂದ್ಲು. ಚರ್ಮ ಕಿತ್ತುಹೋಗಿತ್ತು ಮಗಾ."

ಹಿತ್ತಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ವಕೀಲೆ, ಬಾಯಿಗೆ ಬಂದದ್ದು ಪ್ರಶ್ನೆಯೇ. "ಹಾಗಿದ್ರೆ ಅವಳ ಡಬ್ಬಿಯಿಂದ ಒಂದು ತೆಗೆದ್ರೆ ಸಾಕಿತ್ತಲ್ಲ ಮಾಮ? ಇಡೀ ಜಿಲ್ಲೆಯದ್ದು ಯಾಕೆ?"

ಮಾಮ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ಪಕ್ಕದಲ್ಲಿ ಕೂರುವ ಹುಡುಗಿಯ ಡಬ್ಬಿಯಲ್ಲಿ ಇರ್ತದಲ್ಲ? ಅದನ್ನು ತೆಗೆದೆ. ಆಮೇಲೆ ಹಿಂದಿನ ಬೆಂಚು. ಹೈಸ್ಕೂಲಿಗೆ ಉಡುಪಿಗೆ ಹೋದ್ರೆ ಅಲ್ಲಿಯ ಮಕ್ಕಳದ್ದು? ಮದುವೆ ಮಾಡಿ ಎಲ್ಲಿಗೆ ಕೊಡ್ತೇವೆ ಅಂತ ಯಾರಿಗೆ ಗೊತ್ತುಂಟು? ಹೀಗೆ ಒಂದೊಂದೇ ಊರು ಸೇರಿತು."

ನನ್ನ ಇಷ್ಟು ವರ್ಷದ ಚರ್ಚೆಯ ಬದುಕಿನಲ್ಲಿ ಇಷ್ಟು ಹುಚ್ಚು ವಾದವನ್ನು ಕೇಳಿರಲಿಲ್ಲ. ಕೈಯಲ್ಲಿದ್ದ ಪತ್ರವನ್ನು ಮಡಚಿದೆ.

"ಅವಳಿಗೆ ಅದೆಲ್ಲ ಮರೆತುಹೋಗಿದೆ" ಎಂದರು ಮಾಮ. "ನೆನಪು ಮಾಡ್ಬೇಡ."

ಶನಿವಾರ ಬಂತು. ದೀಪ ಹಚ್ಚುವ ಬದಲು ಉದ್ಘಾಟಕರು ಪೆನ್ಸಿಲ್ ಹೆರೆಯಬೇಕೆಂದು ಗೆಳತಿ ಏರ್ಪಾಡು ಮಾಡಿದ್ದಳು. ಮಾಮ ಬಿಳಿ ಅಂಗಿ ಹಾಕಿ, ಜೇಬಿನಿಂದ ಸ್ವಂತ ಬ್ಲೇಡು ತೆಗೆದು, ಏಳನ್ನು ಹೆರೆದರು. ಸಿಪ್ಪೆ ಎಲ್ಲೂ ತುಂಡಾಗದೆ ಒಂದೇ ಸುರುಳಿಯಾಗಿ ಮೇಜಿಗೆ ಇಳಿಯಿತು. ಚಪ್ಪಾಳೆಯೋ ಚಪ್ಪಾಳೆ! ಆಮೇಲೆ ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತು ತಮ್ಮ ಚಪ್ಪಲಿಯನ್ನೇ ನೋಡತೊಡಗಿದರು.

ನಾನು ಮೈಕಿನ ಎದುರು ನಿಂತೆ. ದಾವಣಗೆರೆಯ ಡಬ್ಬಿ ನನ್ನ ಬ್ಯಾಗಿನಲ್ಲಿತ್ತು, ಬ್ಯಾಗು ಅಮ್ಮನ ಮಡಿಲಲ್ಲಿತ್ತು. "ಸಭಿಕರೇ" ಎಂದೆ. "ನಮ್ಮದು ಕೆಂಪುಕಲ್ಲಿನ ಊರು. ಮಣ್ಣು ಕಂದು, ದೋಣಿ ಕಂದು, ಹೆಂಚು ಕಂದು..." ಇಡೀ ಸಭೆ ಒಟ್ಟಿಗೆ ತಲೆಯಾಡಿಸಿತು. ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಎದ್ದು, "ಇದಕ್ಕೆ ಪುರಾವೆ ಎಂತ ಉಂಟು?" ಎಂದರು. ಎಂಥ ಚಂದದ ಪ್ರಶ್ನೆ! ನಾನೇ ಕೇಳಬೇಕಾಗಿದ್ದ ಪ್ರಶ್ನೆ! "ಕಂಪನಿಯ ಕ್ಯಾಲೆಂಡರಿನಲ್ಲೇ ಅಚ್ಚಾಗಿದೆ ಸರ್" ಎಂದು ಅವರ ಬಾಯಿ ಮುಚ್ಚಿಸಿದೆ. ಬೇಕೆಂದೇ ಸೋತ ಮೊದಲ ವಾದ ಅದು. ಮಾಡಿದ್ದಕ್ಕೆ ನಾಚಿಕೆಯೂ ಆಯಿತು, ಆಗಲೂ ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮಾಮ, ಮಾಮಿ ಕಾರ್ಕಳದ ಬಸ್ಸು ಹತ್ತಿದರು. ಮಾಮ ಕಿಟಕಿಯಿಂದ ತಲೆ ಹೊರಹಾಕಿ, "ಭಾಷಣ ಚೆನ್ನಾಗಿತ್ತು ಲಾಯರಮ್ಮ. ನಿನ್ನ ಮುಖ ಮಾತ್ರ ಮೂರಾಗಿತ್ತು" ಎಂದರು. ನಾನೂ ಅಮ್ಮನೂ ಉಡುಪಿಗೆ ಇಳಿದು, ಮನೆಗೆ ಹೋಗಲು ಕಾಪುವಿನ ಬಸ್ಸಿನಲ್ಲಿ ಕೂತೆವು.

ಕಟಪಾಡಿ ದಾಟುವಾಗ ಅಮ್ಮನಿಗೆ ಬಾಯಾರಿತು. ನೀರಿನ ಬಾಟಲಿಗೆಂದು ನನ್ನ ಬ್ಯಾಗಿಗೆ ಕೈಹಾಕಿದಳು. ಕೈಗೆ ಬಂದದ್ದು ನೀಲಿ ಡಬ್ಬಿ. ನಾನು "ಅದು ಹಾಗಲ್ಲ ಅಮ್ಮ..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಅಮ್ಮ ಮುಚ್ಚಳ ತೆರೆದಳು. ಹತ್ತನ್ನು ದಾಟಿ ಬೆರಳು ನೇರವಾಗಿ ಅದರ ಮೇಲೆಯೇ ಹೋಗಿ ನಿಂತಿತು. ಅದನ್ನು ತೆಗೆದು, ತುದಿಯನ್ನು ನಾಲಗೆಗೆ ಮುಟ್ಟಿಸಿ ಒದ್ದೆ ಮಾಡಿ, ಎಡ ಮುಂಗೈಯ ಮೇಲೆ ಒಂದು ಗೆರೆ ಎಳೆದಳು. ಬೆಳಕಿಗೆ ಹಿಡಿದು ನೋಡಿದಳು.

"ಈಗಲೂ ಹತ್ತುವುದಿಲ್ಲ" ಎಂದು ನಕ್ಕಳು.

ಆಮೇಲೆ ಪೆನ್ಸಿಲನ್ನು ಅದರ ಜಾಗದಲ್ಲಿಟ್ಟು, ಮುಚ್ಚಳ ಹಾಕಿ, ಡಬ್ಬಿಯ ಬೆನ್ನು ತಿರುಗಿಸಿ, ಏಜೆಂಟರ ಚೀಟಿ ಇಲ್ಲದ ಆ ಜಾಗವನ್ನು ಹೆಬ್ಬೆರಳಿನಿಂದ ಓರೆಯಾಗಿ ಸವರಿದಳು. ಸರಿಯಾಗಿ ಅದೇ ಓರೆಯಲ್ಲಿ.

"ಅಮ್ಮ," ಎಂದೆ, "ನಿನಗೆ ಯಾವಾಗಿನಿಂದ ಗೊತ್ತು?"